ಸಿಗರೇಟನ್ನೇ ನಿಷೇಧಿಸಿ ಎನ್ನುವ ಮುಂಚೆ

"ಸರ್ಕಾರಕ್ಕೆ ಅಷ್ಟು ಕಾಳಜಿ ಇದ್ದರೆ ಫ್ಯಾಕ್ಟರಿಯನ್ನೇ ಮುಚ್ಚಿಸಲಿ." ಬಸ್ ಸ್ಟ್ಯಾಂಡಿನಲ್ಲಿ ಸೇದಿ ದಂಡ ಕಟ್ಟಿದವರೆಲ್ಲ ಹೇಳುವ ಮಾತಿದು. ಮುಚ್ಚಿಸಿ ನೋಡಿದ ದೇಶ ಪಕ್ಕದಲ್ಲೇ ಇದೆ. ಭೂತಾನ್ 2004ರಲ್ಲಿ ತಂಬಾಕು ಮಾರಾಟ ನಿಲ್ಲಿಸಿತು, 2010ರ ಕಾಯ್ದೆಯಲ್ಲಿ ಜೈಲನ್ನೂ ಸೇರಿಸಿತು. 2011ರಲ್ಲಿ ಸ್ವಲ್ಪ ಜಗಿಯುವ ತಂಬಾಕು ತಂದ ತಪ್ಪಿಗೆ ಒಬ್ಬ ಬೌದ್ಧ ಭಿಕ್ಷುವಿಗೆ ಮೂರು ವರ್ಷ ಶಿಕ್ಷೆಯಾಯಿತು. ಮಾಲು ಮಾತ್ರ ಗಡಿಯ ಈಚೆಗಿರುವ ನಮ್ಮ ಜೈಗಾಂವ್ ಪಟ್ಟಣದ ಕಡೆಯಿಂದ ಗಡಿ ದಾಟುತ್ತಲೇ ಇತ್ತು. ಕೋವಿಡ್ ಕಾಲದಲ್ಲಿ ಕಳ್ಳಸಾಗಣೆಯವರ ಜೊತೆ ಸೋಂಕೂ ಬಂದೀತೆಂದು ಹೆದರಿ ಸರ್ಕಾರವೇ ಮಾರಲು ನಿಂತಿತು. 2021ರಲ್ಲಿ ಕಾಯ್ದೆ ತಿದ್ದಿ ನಿಷೇಧ ತೆಗೆದರು.

ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಮಂಡಳಿಯೇ ಹರಾಜು ನಡೆಸುವ ನಮ್ಮ ನಾಡಿನಲ್ಲಂತೂ ಪೂರ್ತಿ ನಿಷೇಧ ಬರೀ ಭಾಷಣದ ಮಾತು. ಆದರೆ ಒಂದು ನಿಷೇಧ ಈಗಾಗಲೇ ಪುಸ್ತಕದಲ್ಲಿದೆ, ಅದನ್ನು ಜಾರಿ ಮಾಡಿದರೆ ಅರ್ಧ ಕೆಲಸ ಆದಂತೆ: ಬಿಡಿಯಾಗಿ ಮಾರಬಾರದು ಅನ್ನುವುದು. ಕರ್ನಾಟಕ 2017ರಲ್ಲೇ ಇದಕ್ಕೆ ಆದೇಶ ಹೊರಡಿಸಿತ್ತು. ರಾಷ್ಟ್ರಪತಿ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ರಾಜ್ಯಪತ್ರದಲ್ಲಿ ಬಂದ ತಿದ್ದುಪಡಿ ಕಾಯ್ದೆಯಲ್ಲೂ ಅದು ಸೇರಿದೆ. ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ ಏರಿದ್ದು, ದಂಡ 200ರಿಂದ 1,000 ರೂಪಾಯಿಗೆ ಏರಿದ್ದು, ಹುಕ್ಕಾ ಬಾರ್ ನಿಷೇಧಕ್ಕೆ ಕಾಯ್ದೆಯ ಬಲ ಬಂದದ್ದು ಅದರಲ್ಲೇ.

ಇನ್ನು ಯಾವುದಾದರೂ ಗೂಡಂಗಡಿ ಮುಂದೆ ನಿಂತು ನೋಡಿ. ಪ್ಯಾಕಿನ ಮುಚ್ಚಳ ಹಿಂದಕ್ಕೆ ಮಡಚಿರುತ್ತದೆ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತದೆ. ಕೇಳಿದವರ ಕೈಗೆ ಹೋಗುವುದು ಒಂದು ಸಿಗರೇಟು ಮಾತ್ರ. ಪ್ಯಾಕಿನ ಶೇ. 85 ಭಾಗ ಆವರಿಸಿರಬೇಕಾದ ಚಿತ್ರ ಎಚ್ಚರಿಕೆ ಅಂಗಡಿಯವನ ಗೋಡೆಯತ್ತ ಮುಖ ಮಾಡಿಕೊಂಡಿರುತ್ತದೆ. ಪ್ಯಾಕಿನ ಮೇಲೆ ಅಚ್ಚಾದ 1800-11-2356, ಅಂದರೆ ಚಟ ಬಿಡಲು ನೆರವಾಗುವ ಉಚಿತ ಸಹಾಯವಾಣಿ, ಅದೂ ಕೊಂಡವನ ಕಣ್ಣಿಗೆ ಬೀಳುವುದಿಲ್ಲ. ತೆರಿಗೆ ಏರಿಸಿದ ಪೆಟ್ಟು ಕೂಡ ಹೀಗೇ ಕರಗುತ್ತದೆ. ಪ್ಯಾಕಿಗೆ 20 ರೂಪಾಯಿ ಏರಿದರೆ ಎದೆ ಧಸಕ್ಕೆನ್ನುತ್ತದೆ; ಒಂದಕ್ಕೆ ಎರಡು ರೂಪಾಯಿ ಏರಿದರೆ ಟೀ ಜೊತೆ ಲೆಕ್ಕಕ್ಕೇ ಬರುವುದಿಲ್ಲ.

ಅಂಗಡಿಯವನು ಬಿಡಿ ಮಾರಾಟ ಯಾಕೆ ನಿಲ್ಲಿಸುವುದಿಲ್ಲ? ಹತ್ತರ ಪ್ಯಾಕಿನ ಎಂಆರ್‌ಪಿ 95 ರೂಪಾಯಿ ಎಂದಿಟ್ಟುಕೊಳ್ಳಿ. ಒಂದಕ್ಕೆ ಒಂಬತ್ತೂವರೆ ಆಗಬೇಕು, ಚಿಲ್ಲರೆ ಇಲ್ಲವೆಂದು ಹತ್ತು ತೆಗೆದುಕೊಳ್ಳುತ್ತಾನೆ. ಡೀಲರ್ ಕೊಡುವ ಕಮಿಷನ್ ಮೇಲೆ ಐದು ರೂಪಾಯಿ ಹೆಚ್ಚುವರಿ. ಸಿಗರೇಟಿಗೆ ಬಂದವನು ಟೀ, ಬನ್ನು, ಪುದೀನ ಗುಳಿಗೆಯನ್ನೂ ಕೊಳ್ಳುತ್ತಾನೆ. ಎಂದೋ ಒಮ್ಮೆ ಬೀಳುವ ದಂಡ ಇದರ ಮುಂದೆ ಏನೂ ಅಲ್ಲ. ತಂಬಾಕು ಮಾರಲು ಪ್ರತ್ಯೇಕ ಅನುಮತಿ ಇರಲಿ, ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಚಾಕೊಲೇಟ್ ಬೇಡ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ದಂಡಕ್ಕೆ ಹೆದರದವನು ಲೈಸೆನ್ಸ್ ಹೋದೀತೆಂದರೆ ಹೆದರುತ್ತಾನೆ.

ಬಿಡಿಯಾಗಿ ಸಿಗದಿದ್ದರೆ ಪೂರ್ತಿ ಪ್ಯಾಕ್ ಕೊಂಡು ಇನ್ನಷ್ಟು ಸೇದುತ್ತಾರೆ ಎಂಬ ವಾದವಿದೆ. ಹಳೆ ಸೇದುಗರ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ಪಿಯುಸಿ ಹುಡುಗ ಜೇಬಿನಲ್ಲಿ ಪ್ಯಾಕ್ ಇಟ್ಟುಕೊಂಡು ಮನೆಗೆ ಹೋಗುವುದು ಸುಲಭವಲ್ಲ. ನನ್ನ ಲೆಕ್ಕದಲ್ಲಿ ಕಾಯ್ದೆ ಇರಬೇಕಾದದ್ದು ಅವನಿಗಾಗಿ.

ಶಾಲಾ ಕಾಲೇಜಿನಿಂದ 100 ಮೀಟರ್ ಒಳಗೆ ತಂಬಾಕು ಮಾರಬಾರದು ಎಂಬ ನಿಯಮದಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಗೇಟಿನಿಂದ ರಸ್ತೆಗುಂಟ ಟೇಪು ಹಿಡಿಯುತ್ತಾರೆ. ಅಳೆಯಬೇಕಾದದ್ದು ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ, ನೇರ ಗೆರೆಯಲ್ಲಿ. ಹಿಂದಿನ ಓಣಿಯ ಅಂಗಡಿ ಆಗ ಸಿಕ್ಕಿಬೀಳುತ್ತದೆ.

ಹೋಟೆಲಿನವರ ತಪ್ಪು ಬೇರೆ ಥರದ್ದು. 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟು, 30 ಕೋಣೆಗಳ ಹೋಟೆಲು, ವಿಮಾನ ನಿಲ್ದಾಣ, ಇವಕ್ಕಷ್ಟೇ ಸ್ಮೋಕಿಂಗ್ ಜಾಗದ ಅವಕಾಶ. ಬಾಲ್ಕನಿಯಲ್ಲಿ ನಾಲ್ಕು ಕುರ್ಚಿ ಹಾಕಿದರೆ ಅದು ಆ ಜಾಗವಲ್ಲ. ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆಯನ್ನು ನೇರ ಹೊರಗೆ ತಳ್ಳುವ ಎಕ್ಸಾಸ್ಟ್ ಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಹೊಗೆ ಊಟದ ಹಾಲಿಗೆ ನುಗ್ಗುತ್ತದೆ. ಉಳಿದೆಡೆ ಬಾಗಿಲಲ್ಲೇ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಬೋರ್ಡು ಕಡ್ಡಾಯ, ದೂರು ಯಾರಿಗೆ ಕೊಡಬೇಕೆಂಬ ಹೆಸರಿನ ಸಮೇತ. ಮೇಜಿನ ಮೇಲೆ ಆಶ್‌ಟ್ರೇ ಇಟ್ಟರೂ ತಪ್ಪೇ. ದೂರು ಬಂದಮೇಲೂ ಸುಮ್ಮನಿದ್ದರೆ ಎಷ್ಟು ಜನ ಸೇದಿದರೋ ಅಷ್ಟರ ದಂಡ ಮಾಲೀಕನ ತಲೆಗೆ.

ಇಷ್ಟೆಲ್ಲ ಹೇಳಿದರೂ ಬೀಡಿ ಉಳಿಯುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಬೀಡಿ ಕಟ್ಟೇ ಅಷ್ಟು ಅಗ್ಗ ಇರುವಾಗ ಬಿಡಿ ಮಾರಾಟ ನಿಲ್ಲಿಸಿ ಹೆಚ್ಚೇನೂ ಆಗದು, ಅಲ್ಲಿ ಬೆಲೆಯೇ ಏರಬೇಕು. ಆಗಿದ್ದು ಉಲ್ಟಾ: 2025ರ ಸೆಪ್ಟೆಂಬರಿನಲ್ಲಿ ಬೀಡಿಯ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸುವ ತೀರ್ಮಾನವಾಯಿತು. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಎಂಬ ಸಮರ್ಥನೆ ಇದೆ. ಆದರೆ ದಕ್ಷಿಣ ಕನ್ನಡದ ಆ ಹೆಂಗಸರಿಗೆ ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ; ತೆರಿಗೆ ಇಳಿದ ಮಾತ್ರಕ್ಕೆ ಆ ದರ ತಾನಾಗಿ ಏರುವುದಿಲ್ಲ.