ಇಂಡಿಯನ್ ಕ್ರೀಕ್‌ನ ಬಿರುಕುಗಳಿಗೆ ಕೈ ಹಾಕುವ ಮೊದಲು

ಬಂಡೆ ಹತ್ತಲು ಇಂಡಿಯನ್ ಕ್ರೀಕ್‌ಗೆ ಹೊರಡುವ ಮೊದಲು ನಿಮ್ಮ ಅಂಗೈಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿರುವ ಈ ಕಣಿವೆಯಲ್ಲಿ ಕೆಂಪು ಮರಳುಗಲ್ಲಿನ ಗೋಡೆಗಳು ಉದ್ದಕ್ಕೆ, ನೇರವಾಗಿ ಸೀಳಿವೆ. ಬೆರಳಿಡಲು ಅಂಚು ಸಿಗುವುದು ಅಪರೂಪ. ಬಿರುಕಿನೊಳಗೆ ಕೈ ತೂರಿಸಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅಂಗೈ ಉಬ್ಬಿಸಿ ಸಿಕ್ಕಿಸಬೇಕು. ಪಾದವನ್ನು ಓರೆಯಾಗಿ ಒಳಗಿಟ್ಟು ತಿರುಚಿ, ಅದರ ಮೇಲೆ ಎದ್ದು ನಿಲ್ಲಬೇಕು. ಮತ್ತೆ ಅದೇ, ಮತ್ತೆ ಅದೇ, ಸುಮಾರು 30 ಮೀಟರ್.

ಎಷ್ಟೋ ರೂಟ್‌ಗಳಲ್ಲಿ, ಅಂದರೆ ಹತ್ತುವ ದಾರಿಗಳಲ್ಲಿ, ಬಿರುಕಿನ ಅಗಲ ಕೆಳಗಿಂದ ಮೇಲಿನವರೆಗೂ ಹೆಚ್ಚುಕಮ್ಮಿ ಒಂದೇ. ಅದು ನಿಮ್ಮ ಕೈಗೆ ಹೊಂದಿದರೆ 5.10 ಅನ್ನುವ ಗ್ರೇಡ್ (ರೂಟ್ ಎಷ್ಟು ಕಷ್ಟ ಅಂತ ಹೇಳುವ ಅಂಕ) ಏಣಿ ಹತ್ತಿದ ಹಾಗೆ. ಹೊಂದದಿದ್ದರೆ ಅದೇ 5.10ರಲ್ಲಿ ಅರ್ಧಕ್ಕೇ ಉಸಿರು ಸಾಲದು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಕ್ಲೈಂಬರ್‌ಗೆ ಕೈ ದಪ್ಪ. ಅವನು ಒದ್ದಾಡಿದ ಬಿರುಕನ್ನು, ಸಣ್ಣ ಕೈಯ ಗೆಳತಿ ಮಾತಾಡುತ್ತಲೇ ಹತ್ತಿ ಮುಗಿಸಿದಳು. ಹಾಗಾಗಿ ಗೈಡ್‌ಬುಕ್‌ನಲ್ಲಿ ಗ್ರೇಡ್‌ಗಿಂತ ಮೊದಲು ಬಿರುಕಿನ ಅಳತೆ ನೋಡಿ.

ಬಾದಾಮಿಯಲ್ಲಿ ಹತ್ತಿದವರು ಕೇಳುತ್ತಾರೆ, ಅದೂ ಮರಳುಗಲ್ಲೇ ಅಲ್ವಾ, ಏನು ವ್ಯತ್ಯಾಸ ಅಂತ. ತುಂಬಾ ಇದೆ. ಬಾದಾಮಿಯ ಕಲ್ಲು ಬಹಳ ಹಳೆಯದು, ಬಹಳ ಗಟ್ಟಿ. ಅಲ್ಲಿ ಅಡ್ಡಡ್ಡ ಹಿಡಿತಗಳು ಧಾರಾಳ, ಹಗ್ಗ ಸಿಕ್ಕಿಸಲು ಕಲ್ಲಿಗೆ ಕೊರೆದು ಕೂರಿಸಿದ ಬೋಲ್ಟ್‌ಗಳೂ ಇವೆ. ಕ್ರೀಕ್‌ನ ಕಲ್ಲಿಗೆ ವಿಂಗೇಟ್ ಅನ್ನುತ್ತಾರೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಗಾಳಿಯಿಂದ ಕಟ್ಟಿಕೊಂಡ ಮರಳ ದಿಬ್ಬಗಳೇ ಹೀಗೆ ಕಲ್ಲಾಗಿರುವುದು. ಇಲ್ಲಿ ಬೋಲ್ಟ್ ಸಿಗುವುದು ಸಾಮಾನ್ಯವಾಗಿ ರೂಟ್‌ನ ತುದಿಯಲ್ಲಿ ಹಗ್ಗ ಹಾಯಿಸುವ ಆ್ಯಂಕರ್‌ನಲ್ಲಿ ಮಾತ್ರ. ನಡುವಿನ ರಕ್ಷಣೆಯೆಲ್ಲ ನೀವೇ ಹಾಕಿಕೊಳ್ಳುವ ಕ್ಯಾಮ್‌ಗಳು, ಅಂದರೆ ಬಿರುಕಿನೊಳಗೆ ಅರಳಿ ಹಿಡಿದುಕೊಳ್ಳುವ, ಮತ್ತೆ ತೆಗೆಯಬಹುದಾದ ಲೋಹದ ಸಾಧನಗಳು. ರಾಮನಗರದಲ್ಲಿ ಟ್ರ್ಯಾಡ್ (ಹೀಗೆ ರಕ್ಷಣೆ ತಾವೇ ಹಾಕಿಕೊಂಡು ಹತ್ತುವುದು) ಮಾಡಿ ಅಭ್ಯಾಸ ಇದ್ದವರಿಗೆ ಕ್ಯಾಮ್ ಹಾಕುವುದು ಹೊಸದಲ್ಲ, ಆದರೆ ಬರೀ ಜ್ಯಾಮಿಂಗ್, ಅಂದರೆ ಬಿರುಕಿನಲ್ಲಿ ಕೈಕಾಲು ಸಿಕ್ಕಿಸುವುದನ್ನೇ ನಂಬಿಕೊಂಡು ಹತ್ತುವುದು ಹೊಸದು. ಕೈ ಹಿಂಬದಿಗೆ ಟೇಪ್ ಸುತ್ತಿಕೊಳ್ಳಿ, ಇಲ್ಲವೇ ಕ್ರ್ಯಾಕ್ ಗ್ಲೌಸ್ ತನ್ನಿ. ಬರಿಗೈಯಲ್ಲಿ ಮೊದಲ ದಿನವೇ ಚರ್ಮ ಕಿತ್ತರೆ ಉಳಿದ ರಜೆಯೆಲ್ಲ ಬಿಲೇ ಮಾಡಿಕೊಂಡು, ಅಂದರೆ ಹತ್ತುವವರ ಹಗ್ಗ ಹಿಡಿದುಕೊಂಡು ಕೂರಬೇಕಾಗುತ್ತದೆ.

ಖರ್ಚಿನ ಮಾತು ಬರುವುದು ಇಲ್ಲೇ. ಬಿರುಕಿನ ಅಗಲ ಬದಲಾಗುವುದಿಲ್ಲ ಅಂದರೆ ಒಂದೇ ಅಳತೆಯ ಕ್ಯಾಮ್ ಐದೋ ಆರೋ ಬೇಕು. ಕೆಲವು ರೂಟ್‌ಗೆ ಅದಕ್ಕಿಂತ ಜಾಸ್ತಿ. ಬೇರೆ ಕಡೆ ಪ್ರತಿ ಅಳತೆಯಲ್ಲಿ ಎರಡು ಇದ್ದರೆ ರಾಜನ ಹಾಗೆ ಓಡಾಡಬಹುದು, ಇಲ್ಲಿ ಅದು ಮೊದಲ ಹತ್ತು ಮೀಟರ್‌ಗೆ ಖಾಲಿ. ಹೊಸ ಕ್ಯಾಮ್ ಒಂದಕ್ಕೆ 80 ಡಾಲರ್ ಆಸುಪಾಸು ಬೀಳುತ್ತದೆ, ದೊಡ್ಡದಾದರೆ ಇನ್ನೂ ಮೇಲೆ. ಎಲ್ಲವನ್ನೂ ಕೊಂಡು ಹೋಗುತ್ತೇನೆ ಅನ್ನಬೇಡಿ. ನಾಲ್ಕೈದು ಜನ ಸೇರಿ ಹೋಗಿ, ಎಲ್ಲರ ಸಾಮಾನು ಒಟ್ಟು ಮಾಡಿ. ಅದಕ್ಕೂ ಮೊದಲು ಪ್ರತಿಯೊಬ್ಬರೂ ತಮ್ಮ ಕ್ಯಾಮ್‌ಗೆ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿಕೊಳ್ಳಲಿ. ಕೊನೆಯ ದಿನ ಕಾರಿನ ಪಕ್ಕ ರಾಶಿ ಹಾಕಿ ಇದು ಯಾರದು, ಅದು ಯಾರದು ಅಂತ ಹುಡುಕುವುದು ತಪ್ಪುತ್ತದೆ. ಕ್ಯಾಮಲಾಟ್ ಅನ್ನುವ ಕ್ಯಾಮ್‌ಗಳ ಲೆಕ್ಕದಲ್ಲಿ ಕೆಂಪು, ಹಳದಿ, ನೀಲಿ, ಅಂದರೆ 1, 2, 3ನೇ ಅಳತೆ, ಇವು ಜಾಸ್ತಿ ಇದ್ದಷ್ಟೂ ಹೊಸಬರಿಗೆ ಒಳ್ಳೆಯದು. ಹಗ್ಗ 70 ಮೀಟರ್ ಇರಲಿ. ಅದರ ತುದಿಗೆ ಗಂಟು ಹಾಕಿಯೇ ಹತ್ತಿದವರನ್ನು ಇಳಿಸಿ, ಅದರಲ್ಲಿ ಚೌಕಾಸಿ ಬೇಡ.

ದಾರಿ ಸುಲಭ. ನಾವು ಡೆನ್ವರ್‌ನಿಂದ ಕಾರಿನಲ್ಲಿ ಹೋದೆವು, ಮೋಆಬ್‌ವರೆಗೆ ಆರು ತಾಸಿನ ಹತ್ತಿರ. ಸಾಲ್ಟ್ ಲೇಕ್ ಸಿಟಿಯಿಂದಾದರೆ ನಾಲ್ಕು ತಾಸು. ಮೋಆಬ್‌ನಿಂದ 191ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ 60 ಕಿಲೋಮೀಟರ್ ದಾಟಿದ ಮೇಲೆ 211ನೇ ರಸ್ತೆಗೆ ಬಲಕ್ಕೆ ತಿರುಗಿ. ತಿರುವಿನ ಹತ್ತಿರ ಚರ್ಚ್ ರಾಕ್ ಅನ್ನುವ ಒಂಟಿ ಬಂಡೆ ಕಾಣುತ್ತದೆ. ಅಲ್ಲಿಂದ ಮುಂದೆ ಫೋನ್ ಸಿಗ್ನಲ್ ನಂಬಬೇಡಿ. ಮ್ಯಾಪು, ರೂಟ್ ಮಾಹಿತಿ ಎಲ್ಲ ಮೊದಲೇ ಇಳಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಇಲ್ಲವೇ ಮಾರ್ಚ್‌ನಿಂದ ಮೇ, ಇವೇ ಕಾಲ. ನವೆಂಬರ್ ರಾತ್ರಿಯಲ್ಲಿ ಬಾಟಲಿಯ ನೀರು ಹೆಪ್ಪುಗಟ್ಟುವಷ್ಟು ಚಳಿ.

ಉಳಿಯಲು ಸೂಪರ್‌ಬೌಲ್, ಕ್ರೀಕ್ ಪ್ಯಾಸ್ಚರ್, ಬ್ರಿಡ್ಜರ್ ಜ್ಯಾಕ್ ಕ್ಯಾಂಪ್‌ಗಳಿವೆ. ಕ್ಯಾಂಪ್‌ನಲ್ಲಿ ಕುಡಿಯುವ ನೀರಿಲ್ಲ. ಮೋಆಬ್ ಅಥವಾ ಮಾಂಟಿಸೆಲ್ಲೊದಲ್ಲೇ ತುಂಬಿಸಿಕೊಂಡು ಬನ್ನಿ, ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ. ಅಡುಗೆಗೆ, ತೊಳೆಯಲು ಬೇರೆ. ನೀರು ಉಳಿಸುವ ವಿಷಯದಲ್ಲಿ ನಮ್ಮ ಅವಲಕ್ಕಿಯನ್ನು ಮೀರಿಸುವುದು ಯಾವುದೂ ಇಲ್ಲ. ಗೊಜ್ಜಿನ ಪುಡಿ ಮನೆಯಲ್ಲೇ ಮಾಡಿಕೊಂಡು ಹೋದರೆ ಒಂದು ಲೋಟ ನೀರಿನಲ್ಲಿ ಊಟ ಮುಗಿಯುತ್ತದೆ, ತೊಳೆಯುವ ಪಾತ್ರೆಯೂ ಒಂದೇ. ಪಾಸ್ತಾ ಬೇಯಿಸಿ ನೀರು ಚೆಲ್ಲುವವರನ್ನು ನೋಡಿ ಹೊಟ್ಟೆ ಉರಿಯಿತು. ಇನ್ನು ಬಯಲಿಗೆ ಹೋಗುವ ವಿಷಯ. ಕ್ಯಾಂಪಿನ ಟಾಯ್ಲೆಟ್ ಬಳಸಿ. ಗೋಡೆಯ ಕಡೆ ಹೋದಾಗ ಅದಕ್ಕೆಂದೇ ಮಾರುವ ಚೀಲ ಇಟ್ಟುಕೊಂಡು, ಎಲ್ಲ ವಾಪಸ್ ತನ್ನಿ. ಇಲ್ಲಿ ಯಾವುದೂ ಬೇಗ ಮಣ್ಣಾಗುವುದಿಲ್ಲ.

ಈಗ ಮಳೆ. ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ಇಡಿ. ಒದ್ದೆಯಾದ ಮರಳುಗಲ್ಲು ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಕಣಗಳನ್ನು ಹಿಡಿದಿಟ್ಟ ಅಂಟು ನೀರಿಗೆ ಸಡಿಲವಾಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಪಸೆ ಇರಬಹುದು. ಅಂಥ ಬಿರುಕಿನಲ್ಲಿ ಬಿದ್ದರೆ ಕ್ಯಾಮ್ ಕಲ್ಲನ್ನು ಕೆರೆದುಕೊಂಡು ಹೊರಬರುತ್ತದೆ. ನಿಮಗೆ ಪೆಟ್ಟು, ಬಿರುಕಿಗೆ ಶಾಶ್ವತ ಗಾಯ. ಮಳೆಯ ನಂತರ 24ರಿಂದ 72 ತಾಸು ಕಾಯುವುದು ಅಲ್ಲಿನ ರೂಢಿ. ಗೋಡೆಯ ಬುಡದ ಮಣ್ಣನ್ನು ಸ್ವಲ್ಪ ಕೆದಕಿ ನೋಡಿ, ಕೆಳಗೆ ತಂಪಾಗಿ ಒದ್ದೆ ಇದ್ದರೆ ಅವತ್ತು ಹತ್ತುವುದು ಬೇಡ. ದೂರದಿಂದ ಬಂದಿದ್ದೇವೆ, ರಜೆ ಮುಗಿಯುತ್ತದೆ ಅನ್ನುವುದು ಕಲ್ಲಿಗೆ ಗೊತ್ತಿಲ್ಲ. ನಮಗೂ ಮಳೆ ಸಿಕ್ಕಿತು. ಅದೇ 211ನೇ ರಸ್ತೆ ಕೊನೆಗೆ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ನೀಡಲ್ಸ್ ಭಾಗಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿ ಚೆಸ್ಲರ್ ಪಾರ್ಕ್‌ವರೆಗೆ ನಡೆದು ಬಂದೆವು. ಹತ್ತಲು ಆಗಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಮಳೆಯಲ್ಲಿ ಕೆಲವು ಕ್ಯಾಂಪ್‌ಗಳ ಮಣ್ಣಿನ ದಾರಿಯೂ ಕೆಸರಾಗಿ ಕಾರು ಹೂತುಕೊಳ್ಳುತ್ತದೆ, ಅದನ್ನೂ ಯೋಚಿಸಿ ಟೆಂಟ್ ಹಾಕಿ.

ಈ ಜಾಗ ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕದೊಳಗೆ ಬರುತ್ತದೆ. ಹೋಪಿ, ನವಾಹೋ, ಯೂಟ್, ಝೂನಿ ಜನರಿಗೆ ಇದು ಪೂರ್ವಜರ ನೆಲ. ದಾರಿಯಲ್ಲೇ ಸಿಗುವ ನ್ಯೂಸ್‌ಪೇಪರ್ ರಾಕ್‌ನಲ್ಲಿ ನಿಲ್ಲಿಸಿ ಕಲ್ಲಿನ ಮೇಲಿನ ಕೆತ್ತನೆ ನೋಡಿ, ಮುಟ್ಟಬೇಡಿ. ಕ್ಲೈಂಬಿಂಗ್ ಗೋಡೆಗಳ ಬಳಿಯೂ ಇಂಥ ಕೆತ್ತನೆಗಳಿರಬಹುದು, ಅಂಥ ಕಡೆ ಹತ್ತಬೇಡಿ. ನೆಲದ ಮೇಲೆ ಕಪ್ಪಗೆ ಉಬ್ಬಿಕೊಂಡ ಮಣ್ಣು ಕಂಡರೆ ಅದು ಜೀವಂತ ಪದರ, ತುಳಿದರೆ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ಕಾಲುದಾರಿ ಬಿಡಬೇಡಿ. ವಸಂತದಲ್ಲಿ ಹೋಗುವವರು ಗಮನಿಸಿ: ಡೇಗೆ, ಹದ್ದುಗಳು ಗೂಡು ಕಟ್ಟುವ ಗೋಡೆಗಳನ್ನು ಬಿಟ್ಟುಬಿಡಲು ಕೇಳಿಕೊಳ್ಳುತ್ತಾರೆ. ಆ ವರ್ಷದ ಪಟ್ಟಿ ನೋಡಿಕೊಂಡೇ ಹೊರಡಿ.

ಶುರು ಮಾಡಲು ಡಾನೆಲಿ ಕ್ಯಾನಿಯನ್ ಒಳ್ಳೆಯದು. ಅಲ್ಲಿ ಮೊದಲು ಚಾಕೊಲೇಟ್ ಕಾರ್ನರ್ ರೂಟ್, ಆಮೇಲೆ ಜೆನೆರಿಕ್ ಕ್ರ್ಯಾಕ್. ಎರಡನ್ನೂ ಮೊದಲು ಟಾಪ್ ರೋಪ್‌ನಲ್ಲಿ (ಮೇಲಿನ ಆ್ಯಂಕರ್‌ನಿಂದ ಹಗ್ಗ ಬಿಟ್ಟುಕೊಂಡು) ಹತ್ತಿ, ಮರ್ಯಾದೆ ಏನೂ ಹೋಗುವುದಿಲ್ಲ. ಸೂಪರ್‌ಕ್ರ್ಯಾಕ್ ಅನ್ನುವ ರೂಟ್ ಮೇಲೆ ಎಲ್ಲರ ಕಣ್ಣು. 1976ರಲ್ಲಿ ಅರ್ಲ್ ವಿಗಿನ್ಸ್ ಅದನ್ನು ಮೊದಲು ಹತ್ತಿದಾಗ ಕ್ಯಾಮ್‌ಗಳು ಇನ್ನೂ ಅಂಗಡಿಗೇ ಬಂದಿರಲಿಲ್ಲ, ಬಿರುಕಿಗೆ ಹೆಕ್ಸ್ ಅನ್ನುವ ಲೋಹದ ತುಂಡುಗಳನ್ನು ಸಿಕ್ಕಿಸಿಕೊಂಡೇ ಹೋದದ್ದು. ಜ್ಯಾಮ್ ಸ್ವಲ್ಪ ಕೈಗೆ ಹತ್ತಿದ ಮೇಲೆ ಅದಕ್ಕೆ ಹೋಗಿ. ಶನಿವಾರ, ಭಾನುವಾರ ಅದರ ಕೆಳಗೆ ಸಾಲು ನಿಂತಿರುತ್ತದೆ, ಬುಧವಾರ ಬೆಳಗ್ಗೆಯಾದರೆ ಆರಾಮ.