ಜವಾರಿ ಕೋಳಿಗೆ ರಾಣಿಖೇತ್ ಲಸಿಕೆ: ಭಾಲ್ಕಿ ತಾಲೂಕಿನ ಒಂದು ಊರಿನ ಮೂರು ಸುತ್ತಿನ ಲೆಕ್ಕ

ಭಾರತ ಹುಣ್ಣಿಮೆಯ ಲಸಿಕೆ ಸುತ್ತು 2026ರ ಫೆಬ್ರವರಿ ಮೊದಲ ವಾರ ಮುಗಿಯಿತು. ಕಾರಹುಣ್ಣಿಮೆ (ಜೂನ್ 2025), ಸೀಗಿಹುಣ್ಣಿಮೆ (ಅಕ್ಟೋಬರ್ 2025), ಈಗ ಭಾರತ ಹುಣ್ಣಿಮೆ. ಅಲ್ಲಿಗೆ ಒಂದು ವರ್ಷದ ಚಕ್ರ ತುಂಬಿತು. ಕೆಲಸ ಇಷ್ಟೇ: ಊರಿನ ಹಿತ್ತಲ ಕೋಳಿಗಳಿಗೆಲ್ಲ ರಾಣಿಖೇತ್ (ಕೊಕ್ಕರೆ ರೋಗ) ಲಸಿಕೆ ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬೀಳಬೇಕು, ಬಿದ್ದ ಲಸಿಕೆಯೊಳಗಿನ ವೈರಸ್ಸು ಜೀವಂತವಾಗಿಯೇ ಇರಬೇಕು.

ಲಸಿಕೆಗೇನೂ ಕೊರತೆ ಇಲ್ಲ. ಆರ್‌2ಬಿ ಎಂಬ ಲಸಿಕೆ ವೈರಸ್ಸಿನ ತಳಿ 1940ರ ದಶಕದಲ್ಲೇ ಉತ್ತರಾಖಂಡದ ಮುಕ್ತೇಶ್ವರದಲ್ಲಿ ತಯಾರಾಯಿತು. ಲಸೋಟಾ ಎಂಬ ಇನ್ನೊಂದು ತಳಿ 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಫಾರ್ಮಿನಲ್ಲಿ ಸಿಕ್ಕಿದ್ದು. ಎರಡೂ ಇಂದಿಗೂ ಒಳ್ಳೆಯ ಲಸಿಕೆಗಳೇ. ತೊಂದರೆ ಇರುವುದು ಫ್ರಿಜ್‌ನಿಂದ ಕೋಳಿಯ ಕಣ್ಣಿನವರೆಗಿನ ದಾರಿಯಲ್ಲಿ. ಸೀಸೆಯಲ್ಲಿ ಇರುವುದು 100 ಡೋಸು. ಒಂದು ಮನೆಯಲ್ಲಿ ಇರುವುದು ನಾಲ್ಕಾರು ಹೇಂಟೆ, ಒಂದು ಹುಂಜ, ಕಾವಿಗೆ ಕೂತದ್ದೊಂದು, ಮರಿ ಕಟ್ಟಿಕೊಂಡು ತಿರುಗುವುದು ಇನ್ನೊಂದು. ಒಂದೇ ವಯಸ್ಸಿನ ಸಾವಿರಾರು ಕೋಳಿ ಒಂದೇ ಶೆಡ್ಡಿನಲ್ಲಿರುವ ಲೆಕ್ಕಕ್ಕೆ ಮಾಡಿದ ವೇಳಾಪಟ್ಟಿ ಇಂಥ ಮನೆಗೆ ಹೊಂದುವುದಿಲ್ಲ.

ಈ ಕಂದರವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ತಂಡ ಮುಖ್ಯವಾದದ್ದು. ಎಸಿಐಎಆರ್ ಎಂಬ ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದ ನೆರವಿನಿಂದ ಶಾಖ ತಡೆಯುವ ವಿ4, ಆಮೇಲೆ ಐ-2 ಎಂಬ ಲಸಿಕೆ ತಳಿಗಳನ್ನು ಬೆಳೆಸಿದರು. ಐ-2ರ ಮೂಲ ಬೀಜವನ್ನು ಬಡ ದೇಶಗಳ ಪ್ರಯೋಗಾಲಯಗಳಿಗೆ ಬಿಟ್ಟಿಯಾಗಿ ಕೊಟ್ಟರು; ಮೊಜಾಂಬಿಕ್, ಟಾಂಜಾನಿಯಾದ ಹಳ್ಳಿಗಳಲ್ಲಿ ಅದು ಚೆನ್ನಾಗಿ ಬಳಕೆಗೆ ಬಂತು. ನಮ್ಮ ಕೈಗೆ ಸಿಗುವುದು ಲಸೋಟಾ ಮತ್ತು ಆರ್‌2ಬಿ, ಅವಕ್ಕೆ ಶಾಖ ತಡೆಯುವ ಗುಣ ಇಲ್ಲ. ಆದರೂ ಆ ಹಳ್ಳಿಗಳಲ್ಲಿ ಕಂಡುಕೊಂಡ ಎರಡು ಸಂಗತಿ ಇಲ್ಲಿಗೂ ಸಲ್ಲುತ್ತವೆ: ಕಾಳಿನಲ್ಲಿ ಕಲಸಿ ಹಾಕುವುದಕ್ಕಿಂತ ಕಣ್ಣಿಗೆ ಹನಿ ಹಾಕುವುದು ಎಷ್ಟೋ ಭರವಸೆಯದು, ನಾಲ್ಕು ತಿಂಗಳಿಗೊಮ್ಮೆ ಇಡೀ ಊರಿಗೆ ಒಟ್ಟಿಗೆ ಹಾಕಬೇಕು. ಕಾಳಿನಲ್ಲಿ ಕಲಸಿದರೆ ಬಲವಾದ ಕೋಳಿ ಎರಡು ಪಾಲು ತಿನ್ನುತ್ತದೆ, ಮೂಲೆಯಲ್ಲಿ ನಿಂತ ಬಡಕಲು ಕೋಳಿಗೆ ಏನೂ ಸಿಗುವುದಿಲ್ಲ. ಕೆಲವು ಹಸಿ ಕಾಳುಗಳು ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತವೆ.

ಕಾರಹುಣ್ಣಿಮೆ ಸುತ್ತು

ಹುಣ್ಣಿಮೆ ಹಿಡಿದದ್ದಕ್ಕೆ ಕಾರಣವಿದೆ. ಜ್ಯೇಷ್ಠ, ಆಶ್ವಯುಜ, ಮಾಘ ಹುಣ್ಣಿಮೆಗಳ ನಡುವೆ ಸರಿಯಾಗಿ ನಾಲ್ಕು ನಾಲ್ಕು ತಿಂಗಳು. ಕೋಳಿ ಸಾಕುವವರು ಹೆಣ್ಣುಮಕ್ಕಳು. "ಜೂನ್ ಎರಡನೇ ವಾರ" ಎಂದರೆ ಮರೆತುಹೋಗುತ್ತದೆ, "ಕಾರಹುಣ್ಣಿಮೆ ಮುಂದ" ಎಂದರೆ ಇಡೀ ಓಣಿಗೆ ನೆನಪಿರುತ್ತದೆ.

ಹಿಂದಿನ ದಿನ ಸಂಜೆ ಓಣಿ ಓಣಿಗೆ ಹೇಳಿ ಬರಬೇಕು: ಕೋಳಿ ಮುಚ್ಚಿದ ಪುಟ್ಟಿ ಬೆಳಿಗ್ಗೆ ಎತ್ತಬೇಡಿ. ಒಮ್ಮೆ ಬಿಟ್ಟ ಜವಾರಿ ಕೋಳಿಯನ್ನು ಹಿಡಿಯುವುದು ಆಗದ ಮಾತು. ಹಿಡಿದರೂ ಏದುಸಿರು ಬಿಡುವ ಕೋಳಿ ಹನಿ ಒಳಗೆಳೆದುಕೊಳ್ಳುವ ಮೊದಲೇ ತಲೆ ಕೊಡವುತ್ತದೆ. ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿದರೆ ಹೊಲಕ್ಕೆ ಹೋಗುವವರಿಗೂ ಅನುಕೂಲ, ಸೀಸೆಗೂ ಬಿಸಿಲು ತಾಗುವುದಿಲ್ಲ.

ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲೇ ತರಬೇಕು. ಥರ್ಮೋಕೋಲ್ ಡಬ್ಬಿ, ತಳದಲ್ಲಿ ಐಸ್ ಪ್ಯಾಕ್, ನಡುವೆ ಮಡಚಿದ ಪೇಪರ್, ಅದರ ಮೇಲೆ ಲಸಿಕೆ ಮತ್ತು ಕಲಸುವ ದ್ರಾವಣ. ದ್ರಾವಣವೂ ತಣ್ಣಗೇ ಇರಬೇಕು, ಬಹಳ ಮಂದಿ ಇದನ್ನು ಮರೆಯುತ್ತಾರೆ. ಕೋಣೆಯ ಬಿಸಿಗೆ ಕಾದ ದ್ರಾವಣವನ್ನು ತಣ್ಣನೆಯ ಲಸಿಕೆಗೆ ಸೇರಿಸಿದರೆ ಅಲ್ಲೇ ವೈರಸ್ಸಿನ ಸಂಖ್ಯೆ ಇಳಿಯತೊಡಗುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಮಿಕ್ಕದ್ದನ್ನು ನಾಳೆಗೆ ಇಡುವಂತಿಲ್ಲ. ಸೀಸೆಯೊಳಗಿನ ಒಣಗಿದ ಲಸಿಕೆ ಬಿಲ್ಲೆಯನ್ನು ಅರ್ಧ ಮಾಡಲು ಬರುವುದಿಲ್ಲ. ಪೂರ್ತಿ ಕಲಸಿ ಎರಡು ಡ್ರಾಪರಿಗೆ ಹಂಚಿ ಎರಡು ಜೋಡಿ ಜನ ಓಣಿಯ ಎರಡು ತುದಿಯಿಂದ ಹೊರಟರೆ 100 ಕೋಳಿ ಹೊತ್ತಿನೊಳಗೆ ಮುಗಿಯುತ್ತವೆ. ಒಬ್ಬರು ಹಿಡಿಯಬೇಕು, ಒಬ್ಬರು ಹನಿ ಹಾಕಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಡ್ರಾಪರಿಗೆ. ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಡ್ರಾಪರುಗಳ ಹನಿ ಒಂದೊಂದರದು ಒಂದೊಂದು ಗಾತ್ರ. ಲಸಿಕೆ ಮುಟ್ಟುವ ಮೊದಲು ಸಿರಿಂಜಿನಿಂದ 1 ಮಿ.ಲೀ. ನೀರು ಅಳೆದು ಡ್ರಾಪರಿಗೆ ಹಾಕಿ, ನೆಟ್ಟಗೆ ಹಿಡಿದು, ನಿಧಾನವಾಗಿ ಹನಿ ಎಣಿಸಿ. ಲೆಕ್ಕ ಸುಲಭ: ಡೋಸುಗಳನ್ನು ಮಿ.ಲೀ.ಗೆ ಬಿದ್ದ ಹನಿಯಿಂದ ಭಾಗಿಸಿ. 25 ಹನಿ ಬಿದ್ದರೆ 100 ಡೋಸಿಗೆ 4 ಮಿ.ಲೀ. ದ್ರಾವಣ, 40 ಹನಿ ಬಿದ್ದರೆ 2.5 ಮಿ.ಲೀ. ಇದನ್ನು ಬಿಟ್ಟು ಯಾವ ಡ್ರಾಪರಿಗೂ 4 ಮಿ.ಲೀ. ಎಂದು ಕೂತರೆ, ಸಣ್ಣ ಹನಿಯ ಡ್ರಾಪರಿನಲ್ಲಿ ಪ್ರತಿ ಕೋಳಿಗೆ ಡೋಸಿನ ಮೂರರಲ್ಲಿ ಎರಡು ಪಾಲೂ ಹೋಗುವುದಿಲ್ಲ. ದೊಡ್ಡ ಹನಿಯದಾದರೆ (ಮಿ.ಲೀ.ಗೆ 20) ಸೀಸೆ 80 ಕೋಳಿಗೇ ಬರಿದು. ಮೊದಲನೆಯದು ಹೆಚ್ಚು ಕೆಟ್ಟದ್ದು. ಸೀಸೆ ಬರಿದಾದರೆ ಗೊತ್ತಾಗುತ್ತದೆ, ಡೋಸು ಕಡಿಮೆಯಾದದ್ದು ರೋಗ ಬಂದ ಮೇಲೆಯೇ ಗೊತ್ತಾಗುವುದು.

ಡ್ರಾಪರನ್ನು ಓರೆ ಹಿಡಿದರೂ ಹನಿಯ ಗಾತ್ರ ಬದಲಾಗುತ್ತದೆ. ಗಾಳಿ ಗುಳ್ಳೆ ಬಂದರೆ ಅದು ಹನಿಯಲ್ಲ, ಇನ್ನೊಂದು ಹಾಕಬೇಕು. ಕೋಳಿಯನ್ನು ಪಕ್ಕಕ್ಕೆ ಮಲಗಿಸಿ, ಒಂದು ಕಣ್ಣು ಮೇಲಕ್ಕೆ ಬರುವಂತೆ ತಲೆ ಹಿಡಿದು, ಡ್ರಾಪರಿನ ತುದಿಯನ್ನು ಕಣ್ಣಿಗೆ ತಾಗಿಸದೆ ಒಂದು ಸೆಂ.ಮೀ. ಮೇಲಿಂದ ಬಿಡಬೇಕು. ಹನಿ ಮೊದಲು ಕಣ್ಣಿನ ಮೇಲೆ ಗುಂಡಗೆ ನಿಂತಿರುತ್ತದೆ. ಕೋಳಿ ಒಂದೆರಡು ಸಲ ರೆಪ್ಪೆ ಮಿಟುಕಿಸಿದ ಮೇಲೆ ಹರಡಿ ಕಣ್ಣಿನ ಮೂಲೆಗೆ ಇಳಿದು ಮಾಯವಾಗುತ್ತದೆ. ಅಲ್ಲಿಯವರೆಗೆ ಕೈ ಬಿಡಬಾರದು. ಕಂಪನಿಯ ದ್ರಾವಣ ನೀಲಿ ಬಣ್ಣದ್ದಾದರೆ ಸ್ವಲ್ಪ ಹೊತ್ತಿಗೆ ಕೊಕ್ಕು ಬಿಡಿಸಿ ನೋಡಿ, ನಾಲಗೆಯ ಮೇಲೆ ನೀಲಿ ಕಾಣಬೇಕು. ಬಣ್ಣವಿಲ್ಲದ ದ್ರಾವಣಕ್ಕೆ ಶಾಯಿ ಗೀಯಿ ಹಾಕಲೇಬಾರದು.

ಮರಿಗೂ ಹುಂಜಕ್ಕೂ ಒಂದೇ ಲಸೋಟಾ ಹನಿ. 5ರಿಂದ 7 ದಿನದ ಮರಿಗೆ ಹಾಕಿದ್ದನ್ನು 28ನೇ ದಿನದ ಸುಮಾರಿಗೆ ಮತ್ತೆ ಹಾಕಬೇಕು: ಲಸಿಕೆ ಪಡೆದ ತಾಯಿಯಿಂದ ಬಂದ ಪ್ರತಿಕಾಯ (ವೈರಸ್ಸನ್ನು ತಡೆಯುವ ರಕ್ತದ ಅಂಶ) ಮೊದಲ ಹನಿಯ ಕೆಲಸವನ್ನು ಅರ್ಧ ತಡೆಯುತ್ತದೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬೇಕಾಗಿಲ್ಲ, ಕೂತಲ್ಲೇ ತಲೆ ಹಿಡಿದು ಹನಿ ಹಾಕಬಹುದು.

ಓಣಿಯಲ್ಲಿ ಹೆಚ್ಚು ಸಲ ಕೇಳಿಬಂದ ಮಾತು: "ಚೊಲೊ ಇದ್ದ ಕೋಳಿಗಿ ಔಷಧ ಯಾಕ್ರಿ ಅಣ್ಣಾ?" ಇದಕ್ಕೆ ನೇರ ಉತ್ತರ ಕೊಡಬೇಕು. ಇದು ಔಷಧವಲ್ಲ, ಹಸಿರು ಭೇದಿ ಶುರುವಾದ ಕೋಳಿಗೆ ಇದರಿಂದ ಏನೂ ಆಗದು. ಮೈಯಲ್ಲಿ ಶಕ್ತಿ ಕೂಡಿಬರಲು ಒಂದರಿಂದ ಎರಡು ವಾರ ಬೇಕು. ಲಸಿಕೆ ಹಾಕಿದ ಮೇಲೆ ಮೂರು ನಾಲ್ಕು ದಿನ ಸೀನುವುದು, ಸ್ವಲ್ಪ ಮಂಕಾಗುವುದು ಇರುತ್ತದೆ, ಇದನ್ನು ಮೊದಲೇ ಹೇಳಿಬಿಡಬೇಕು.

ಜೂನ್ ಸುತ್ತಿಗೆ ಅಂಟಿಕೊಂಡ ಇನ್ನೊಂದು ತೊಡಕು ಬಿತ್ತನೆ. ಸೋಯಾ, ಹೆಸರು, ಉದ್ದಿನ ಬೀಜಕ್ಕೆ ಅಂಗಳದಲ್ಲೇ ಬೀಜೋಪಚಾರ ಮಾಡುತ್ತಾರೆ (ಬಿತ್ತುವ ಮೊದಲು ವಿಷದ ಔಷಧ ಹಚ್ಚುತ್ತಾರೆ), ಚೆಲ್ಲಿದ ಕಾಳನ್ನು ಕೋಳಿ ಹೆಕ್ಕುತ್ತದೆ. ಬೆಳಿಗ್ಗೆ ಹನಿ ಹಾಕಿಸಿಕೊಂಡ ಕೋಳಿ ಸಂಜೆಗೆ ಸತ್ತರೆ ದೂರು ಲಸಿಕೆಯ ಮೇಲೆ ಬರುತ್ತದೆ. ಅನುಮಾನ ಬಂದಾಗ ಕೈಗವಸು ಹಾಕಿಕೊಂಡು ಕೋಳಿಯ ಕೊರಳ ಬುಡದ ಮೇವಿನ ಚೀಲ ಕೊಯ್ದು ನೋಡಿ: ಗುಲಾಬಿ ಅಥವಾ ಕೆಂಪು ಬಣ್ಣ ಹಚ್ಚಿದ ಕಾಳು ಅಲ್ಲೇ ಸಿಕ್ಕರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮನೆಯವರ ಎದುರೇ ಇದನ್ನು ಮಾಡುವುದು ಒಳ್ಳೆಯದು. ಅಂಥ ಕೋಳಿಯನ್ನು ಯಾರೂ ತಿನ್ನಬಾರದು, ಹೂಳಬೇಕು.

ಸೀಗಿಹುಣ್ಣಿಮೆ ಸುತ್ತು

ಈ ಸುತ್ತಿನಲ್ಲಿ ಆರ್‌2ಬಿ ಸೇರಿತು. ಇದು ಲಸೋಟಾಕ್ಕಿಂತ ಖಾರ. ಕೊಡುವ ರಕ್ಷಣೆ ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಮೊದಲು ಲಸೋಟಾ ಪಡೆಯದ ಕೋಳಿಗೆ, ಎಂಟು ವಾರ ತುಂಬದ ಮರಿಗೆ ಹಾಕಿದರೆ ಕಾಲು ಸೋಲುವುದು, ಕುತ್ತಿಗೆ ತಿರುಚುವುದು, ಸಾವು ಕೂಡ ಆಗಬಹುದು. ಮೊಟ್ಟೆ ಇಡುವ ಕೋಳಿಗೆ ಹಾಕಿದರೆ ಕೆಲವು ವಾರ ಮೊಟ್ಟೆ ನಿಲ್ಲುತ್ತದೆ. ಆದ್ದರಿಂದ ಎಂಟು ವಾರ ದಾಟಿದ, ಜೂನಿನಲ್ಲಿ ಅಥವಾ ಮರಿ ಇದ್ದಾಗ ಲಸೋಟಾ ಪಡೆದ, ಇನ್ನೂ ಮೊಟ್ಟೆಗೆ ಬಾರದ ಕೋಳಿಗಳಿಗೆ ಮಾತ್ರ ಆರ್‌2ಬಿ. ಮಿಕ್ಕವಕ್ಕೆಲ್ಲ ಮತ್ತೆ ಲಸೋಟಾ ಹನಿ.

ಆರ್‌2ಬಿ ಹನಿಯಲ್ಲ, ಚುಚ್ಚುಮದ್ದು: 100 ಡೋಸಿನ ಸೀಸೆಗೆ 50 ಮಿ.ಲೀ. ತಣ್ಣನೆಯ ನಾರ್ಮಲ್ ಸಲೈನ್, ಕೋಳಿಗೆ 0.5 ಮಿ.ಲೀ., ರೆಕ್ಕೆಯ ಅಡಿ ಚರ್ಮದ ಕೆಳಗೆ. ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹಚ್ಚಬಾರದು, ಸಿರಿಂಜನ್ನು ಡೆಟ್ಟಾಲಿನಲ್ಲಿ ತೊಳೆಯಬಾರದು. ಇದು ಜೀವಂತ ವೈರಸ್ಸು, ರೋಗಾಣು ಕೊಲ್ಲುವ ಯಾವ ದ್ರವವೂ ಲಸಿಕೆಯನ್ನು ಮೊದಲು ಕೊಲ್ಲುತ್ತದೆ. ಮನೆಯಿಂದ ಮನೆಗೆ ಸೂಜಿ ಬದಲಿಸಬೇಕು, ಇಲ್ಲದಿದ್ದರೆ ಒಂದು ಮನೆಯ ಕೋಳಿ ಸಿಡುಬನ್ನು ನಾವೇ ಇನ್ನೊಂದು ಮನೆಗೆ ಹೊತ್ತ ಹಾಗೆ.

ಯಾವ ಕೋಳಿಗೆ ಜೂನಿನಲ್ಲಿ ಹನಿ ಬಿದ್ದಿತ್ತು ಎಂದು ತಿಳಿಯುವುದೇ ಕಷ್ಟವಾಯಿತು. ಕಾಲಿಗೆ ಕಟ್ಟಿದ ಬಣ್ಣದ ದಾರ ಭರವಸೆಯದಲ್ಲ: ಎರಡು ತಿಂಗಳ ಕೋಳಿಗೆ ಕಟ್ಟಿದ್ದು ಐದನೇ ತಿಂಗಳಿಗೆ ಚರ್ಮದೊಳಗೆ ಕೊರೆದು ಕಾಲು ಬಾಯುತ್ತದೆ. ಸುರುಳಿ ಪ್ಲಾಸ್ಟಿಕ್ ಉಂಗುರ ಬೆಳೆಯುವ ಕಾಲಿಗೆ ತಾನೇ ಬಿಚ್ಚಿಕೊಡುತ್ತದೆ. ಕಿರುಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಆಮೇಲೆ ಸಂತೆಯಿಂದ ಬಂದವು, ಬೀಗರು ಕೊಟ್ಟವು, ಮಾರಿಹೋದವು. ನಾಲ್ಕು ತಿಂಗಳಲ್ಲಿ ಒಂದು ಮನೆಯ ಪುಟ್ಟಿಯ ಅರ್ಧ ಕೋಳಿ ಬದಲಾಗಿರುತ್ತವೆ. ಇದನ್ನೆಲ್ಲ ನೋಡಿದರೆ, ಲೆಕ್ಕ ನಂಬಲಾಗದ ಮನೆಗೆ ಆರ್‌2ಬಿ ಬೇಡ. ನಾಲ್ಕು ತಿಂಗಳಿಗೊಮ್ಮೆ ಎಲ್ಲಕ್ಕೂ ಲಸೋಟಾ ಹನಿ ಎಂಬ ಒಂದೇ ನಿಯಮವೇ ಹಿತ್ತಲ ಕೋಳಿಗೆ ಒಳ್ಳೆಯದು. ರಕ್ಷಣೆಯ ಕಾಲ ಕಡಿಮೆ, ಆದರೆ ತಪ್ಪು ಕೋಳಿಗೆ ಹಾಕಿದರೂ ಕೋಳಿ ಸಾಯುವುದಿಲ್ಲ.

ಅದೇ ಹೊತ್ತಿಗೆ ಪಕ್ಕದ ಊರಿನಲ್ಲಿ ಬ್ಯಾನಿ ಬಿದ್ದ ಸುದ್ದಿ ಬಂತು. ಹಸಿರು ಭೇದಿ, ಬಾಯಿ ಬಿಟ್ಟು ಉಸಿರು, ಬದುಕಿದವುಗಳ ಕುತ್ತಿಗೆ ತಿರುಚಿದ್ದು, ರಾಣಿಖೇತ್ ಲಕ್ಷಣವೇ. ಹಾಗಂತ ಲಕ್ಷಣ ನೋಡಿ ತೀರ್ಮಾನಿಸಬಾರದು. ಹಕ್ಕಿಜ್ವರದಲ್ಲೂ ಕೋಳಿ ಹೀಗೇ ಸಾಲುಸಾಲಾಗಿ ಸಾಯುತ್ತವೆ, ಪಶು ಆಸ್ಪತ್ರೆಗೆ ತಿಳಿಸುವುದು ಕಡ್ಡಾಯ ಎಂದೇ ತಿಳಿಯಬೇಕು. ಬೀದರ್‌ನಲ್ಲಿ ಪಶುವೈದ್ಯ ಕಾಲೇಜೇ ಇದೆ. ಸತ್ತ ಕೋಳಿಯನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಅಂದೇ ಮುಟ್ಟಿಸಿದರೆ ಪರೀಕ್ಷೆಗೆ ಬರುತ್ತದೆ, ಮರುದಿನದ ಕೊಳೆತ ಕೋಳಿಯಿಂದ ಏನೂ ತಿಳಿಯುವುದಿಲ್ಲ.

ರೋಗ ಬಿದ್ದಾಗ ಲಸಿಕೆ ಹಾಕುವ ಕ್ರಮ ತಿರುಗಿಸಬೇಕು. ರೋಗವಿಲ್ಲದ ದೂರದ ಓಣಿಯಿಂದ ಶುರು ಮಾಡಿ ರೋಗದ ಕಡೆಗೆ ಬರಬೇಕು, ರೋಗ ಬಿದ್ದ ಮನೆಗೆ ಹೋಗಿ ಅಲ್ಲಿಂದ ಇನ್ನೊಂದು ಮನೆಗೆ ಕಾಲಿಡಬಾರದು. ವೈರಸ್ಸು ಮೈಯೊಳಗೆ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ನೋಡಲು ಗಟ್ಟಿಮುಟ್ಟಾದ ಕೋಳಿಯನ್ನು ಹಿಡಿದ ಕೈಯೇ ರೋಗ ಸಾಗಿಸುತ್ತದೆ. ಇನ್ನು ಮಂಕಾದ ಕೋಳಿಯನ್ನು ಗಡಿಬಿಡಿಯಲ್ಲಿ ಸಂತೆಗೆ ಒಯ್ಯುವುದು. ಬಡವರ ಮನೆಯಲ್ಲಿ ಅದು ಅರ್ಥವಾಗುವಂಥದ್ದೇ, ಆದರೆ ತಾಲೂಕಿಗೆ ರೋಗ ಹರಡುವುದೂ ಹೀಗೆಯೇ. ಸತ್ತವನ್ನು ನಾಲೆಗೆ ಎಸೆಯದೆ ಎರಡು ಮೂರು ಅಡಿ ಗುಂಡಿ ತೋಡಿ, ಮೇಲೆ ಸುಣ್ಣ ಚೆಲ್ಲಿ, ನಾಯಿ ಕೆದಕದಂತೆ ಕಲ್ಲು ಇಟ್ಟು ಹೂಳಬೇಕು.

ಭಾರತ ಹುಣ್ಣಿಮೆ ಸುತ್ತು

ಎಲ್ಲಕ್ಕೂ ಲಸೋಟಾ ಹನಿ. ಹತ್ತು ದಿನ ಮೊದಲು ಜಂತುಹುಳುವಿಗೆ ಪೈಪರಜಿನ್ ಕುಡಿಸಿದ್ದಾಯಿತು, ಪ್ರಮಾಣ ಪಶುವೈದ್ಯರು ಹೇಳಿದಂತೆ. ಹುಳು ತುಂಬಿದ ಬಡಕಲು ಕೋಳಿ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಲಸಿಕೆ ಹಿಡಿಯಿತೇ ಎಂದು ತಿಳಿಯಲು ಮೂರು ನಾಲ್ಕು ವಾರ ಬಿಟ್ಟು ಬೇರೆ ಬೇರೆ ಓಣಿಯ ಕೆಲವು ಕೋಳಿಗಳ ರೆಕ್ಕೆಯ ರಕ್ತನಾಳದಿಂದ 1 ಮಿ.ಲೀ. ರಕ್ತ ತೆಗೆದು, ಓರೆಯಾಗಿ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ತಿಳಿಯನ್ನು ಎಚ್‌ಐ ಪರೀಕ್ಷೆಗೆ (ಪ್ರತಿಕಾಯ ಎಷ್ಟಿದೆ ಎಂದು ಅಳೆಯುವುದು) ಕಳಿಸಬೇಕು. 1:8 (ತಿಳಿಯನ್ನು ಎಂಟು ಪಟ್ಟು ತೆಳು ಮಾಡಿದರೂ ಪ್ರತಿಕಾಯ ಕಾಣುವುದು) ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದು ಲೆಕ್ಕ. ಒಂದೇ ಓಣಿಯವು ಎಲ್ಲ ಕಡಿಮೆ ಬಂದರೆ ಕೋಳಿಯನ್ನಲ್ಲ, ಆ ದಿನದ ಡಬ್ಬಿಯನ್ನೂ ಡ್ರಾಪರನ್ನೂ ಅನುಮಾನಿಸಬೇಕು. ಸೀಸೆಯ ಬ್ಯಾಚ್ ನಂಬರು, ಕಲಸಿದ ಹೊತ್ತು, ಮುಗಿದ ಹೊತ್ತು, ಡ್ರಾಪರಿನ ಹನಿ ಲೆಕ್ಕ ಇವನ್ನು ಓಣಿವಾರು ಬರೆದಿಡುವುದು ಇದಕ್ಕೇ.

ಮುಂದಿನ ಸುತ್ತಿಗೆ ಪಂಚಾಂಗ ಅಡ್ಡ ಬಂದಿದೆ. 2026ರಲ್ಲಿ ಅಧಿಕ ಜ್ಯೇಷ್ಠ. ಕಾರಹುಣ್ಣಿಮೆ ಜೂನ್ 29ಕ್ಕೆ ಹೋಗುತ್ತದೆ, ಅಲ್ಲಿಗೆ ಐದು ತಿಂಗಳಾಗುತ್ತದೆ. ಬೇಸಿಗೆಯ ಕೊನೆಗೆ ಕೋಳಿಗಳನ್ನು ರಕ್ಷಣೆ ಇಲ್ಲದೆ ಬಿಡುವುದು ಸರಿಯಲ್ಲ. ಆದ್ದರಿಂದ ಅಧಿಕ ಮಾಸದ ಹುಣ್ಣಿಮೆಗೇ, ಮೇ 31ರ ಆಸುಪಾಸಿಗೆ ಹನಿ. ಅಲ್ಲಿಂದ ನಾಲ್ಕು ತಿಂಗಳಿಗೆ ಅನಂತನ ಹುಣ್ಣಿಮೆ (ಸೆಪ್ಟೆಂಬರ್ 26), ಆಮೇಲೆ ಬನದ ಹುಣ್ಣಿಮೆ. ಮೇ ಕೊನೆಯ ಬಿಸಿಲಿಗೆ ಐಸ್ ಪ್ಯಾಕ್ ಎರಡು ಪಟ್ಟು ಬೇಕು, ಒಂದು ಸೀಸೆಗೆ ಒಂದೇ ಓಣಿ, ಬೆಳಿಗ್ಗೆ ಏಳೂವರೆಯೊಳಗೆ ಮುಗಿಯಬೇಕು. ಡ್ರಾಪರುಗಳನ್ನು ಒಂದೇ ಅಂಗಡಿಯಿಂದ ಒಂದೇ ನಮೂನೆಯವು ತಂದು, ಹನಿ ಎಣಿಸಿ, ಮೇಲೆ ಮಾರ್ಕರ್‌ನಿಂದ ಸಂಖ್ಯೆ ಬರೆದು ಈಗಲೇ ಎತ್ತಿಡಬೇಕು.