ಅಡಿಬರಹವಿಲ್ಲದ ಮುಕ್ಕಾಲು ಗಂಟೆ

ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಭಾನುವಾರದ ಪ್ರದರ್ಶನದಲ್ಲಿ ನಾನು ಮೊದಲ ಬಾರಿಗೆ ನೋಡಿದ ಸೋವಿಯತ್ ಚಿತ್ರ 1957ರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’. ಯುದ್ಧದ ಚಿತ್ರವೆಂದು ಕೇಳಿದ್ದರಿಂದ ಕಂದಕ, ಫಿರಂಗಿ, ದಾಳಿಗಳನ್ನು ಎದುರುನೋಡುತ್ತ ಕುಳಿತಿದ್ದೆ. ದೀಪ ಆರಿ ಚಿತ್ರ ಶುರುವಾದರೂ ಪರದೆಯ ಕೆಳಗೆ ಇಂಗ್ಲಿಷ್ ಅಡಿಬರಹ ಮೂಡಲಿಲ್ಲ. ಯಾರೋ ಎದ್ದು ಹೋಗಿ ತಿಳಿಸಿದರು, ಆಪರೇಟರ್ ಏನೇನೋ ಪ್ರಯತ್ನಿಸಿದರು. ಆದರೆ ಚಿತ್ರವನ್ನು ನಿಲ್ಲಿಸುವುದು ಬೇಡ, ಸುಮ್ಮನೆ ನೋಡೋಣ ಎಂದು ಹಿರಿಯ ಸದಸ್ಯರೊಬ್ಬರು ಗಟ್ಟಿಯಾಗಿ ಹೇಳಿದ್ದರಿಂದ, ರಷ್ಯನ್ ಭಾಷೆಯ ಒಂದಕ್ಷರವೂ ತಿಳಿಯದ ನಾವೆಲ್ಲ ಮುಕ್ಕಾಲು ಗಂಟೆ ಬರೀ ಕಣ್ಣನ್ನೇ ನಂಬಿ ಕುಳಿತೆವು. ಆ ಹಿರಿಯರಿಗೆ ನಾನು ಇಂದಿಗೂ ಋಣಿಯಾಗಿದ್ದೇನೆ.

ಮಾಸ್ಕೋದ ಮುಂಜಾವಿನಲ್ಲಿ ಬೊರೀಸ್ ಮತ್ತು ವೆರೊನಿಕಾ ಕೈಹಿಡಿದು ನಡೆಯುತ್ತಾರೆ, ತಲೆಯ ಮೇಲೆ ಹಕ್ಕಿಗಳ ಸಾಲು ಹಾರಿಹೋಗುತ್ತದೆ, ಬೀದಿಗೆ ನೀರು ಹೊಡೆಯುವ ಲಾರಿಯೊಂದು ಅವರಿಬ್ಬರನ್ನೂ ತೋಯಿಸಿಬಿಡುತ್ತದೆ. ರಷ್ಯನ್ ಶೀರ್ಷಿಕೆಯ ಅರ್ಥ ‘ಕ್ರೌಂಚಗಳು ಹಾರುತ್ತಿವೆ’ ಎಂದು. ಜೋಡಿಯಲ್ಲೊಂದು ಬೇಡನ ಬಾಣಕ್ಕೆ ಉರುಳಿದ್ದನ್ನು ಕಂಡು ವಾಲ್ಮೀಕಿಯ ಶೋಕ ಶ್ಲೋಕವಾದ ಕಥೆಯನ್ನು ಬಲ್ಲ ನಮಗೆ ಆ ಹೆಸರೇ ಮುಂದಿನದರ ಸುಳಿವು ಕೊಡುತ್ತದೆ. ಯುದ್ಧ ಬರುತ್ತದೆ, ಬೊರೀಸ್ ಹೊರಡುತ್ತಾನೆ. ಅವನನ್ನು ಬೀಳ್ಕೊಡಲು ವೆರೊನಿಕಾ ಬಸ್ಸಿನಲ್ಲಿ ಬರುವ ದೃಶ್ಯದಲ್ಲಿ ನಾನು ಕುರ್ಚಿಯ ಅಂಚಿಗೆ ಸರಿದಿದ್ದೆ. ಬಸ್ಸಿನೊಳಗೆ ಅವಳ ಮುಖದ ಹತ್ತಿರವೇ ಇದ್ದ ಕ್ಯಾಮೆರಾ ಅವಳೊಂದಿಗೇ ಕೆಳಗಿಳಿದು, ಜನಜಂಗುಳಿಯಲ್ಲಿ ಅವಳ ಬೆನ್ನಿಗೇ ನುಗ್ಗಿ, ಇದ್ದಕ್ಕಿದ್ದಂತೆ ಆಕಾಶಕ್ಕೇರುತ್ತದೆ. ಕೆಳಗೆ ಸಾಲುಗಟ್ಟಿ ಸಾಗುವ ಟ್ಯಾಂಕುಗಳ ನಡುವೆ ಅವಳೊಂದು ಚುಕ್ಕೆಯಾಗಿ ಓಡುತ್ತಾಳೆ. ಅವಳಿಗೆ ಅವನು ಸಿಗುವುದಿಲ್ಲ. ಅವಳು ಎಸೆದ ಬಿಸ್ಕತ್ತಿನ ಪೊಟ್ಟಣ ನೆಲಕ್ಕೆ ಬಿದ್ದು, ಹೊರಟ ಸೈನಿಕರ ಬೂಟುಗಳಡಿ ಪುಡಿಯಾಗುತ್ತದೆ. ಇದಕ್ಕೆ ಯಾವ ಭಾಷೆಯ ಅಡಿಬರಹ ಬೇಕು?

ಈ ಕ್ಯಾಮೆರಾ ಹಿಡಿದವರು ಸೆರ್ಗೇಯ್ ಉರುಸೆವ್‌ಸ್ಕಿ. ಯುದ್ಧಕಾಲದಲ್ಲಿ ಅವರು ರಣರಂಗದಲ್ಲಿ ಛಾಯಾಗ್ರಾಹಕರಾಗಿದ್ದರು. ಕ್ಯಾಮೆರಾವನ್ನು ಕೈಯಲ್ಲೇ ಹೊತ್ತು ಓಡುವ ಅಭ್ಯಾಸ ಅಲ್ಲಿಯದು. ನಿರ್ದೇಶಕ ಮಿಖಾಯಿಲ್ ಕಲಾತೊಜೊವ್ ಜಾರ್ಜಿಯಾದ ತ್ಬಿಲಿಸಿಯವರು, ಅವರೂ ಚಿತ್ರರಂಗದ ಆರಂಭದ ದಿನಗಳಲ್ಲಿ ಕ್ಯಾಮೆರಾ ಹಿಡಿದವರೇ. ವಿಕ್ತರ್ ರೋಜೊವ್ ಅವರ ನಾಟಕವನ್ನು ಆಧರಿಸಿದ ಈ ಕಥೆಯಲ್ಲಿ ರಣರಂಗ ಕಾಣುವುದು ಕೆಲವೇ ನಿಮಿಷ. ಉಳಿದಂತೆ ಯುದ್ಧವೆಂದರೆ ಒಂದು ಮೆಟ್ಟಿಲಸಾಲು, ಒಂದು ಬೇಲಿ, ಒಂದು ಬಾಗಿಲು. ಬಾಂಬ್ ದಾಳಿ ಮುಗಿದ ಮೇಲೆ ವೆರೊನಿಕಾ ಉರಿಯುವ ಕಟ್ಟಡದ ಮೆಟ್ಟಿಲೇರಿ ತನ್ನ ಮನೆಯ ಬಾಗಿಲು ತೆರೆದರೆ, ಆಚೆಗೆ ಮನೆಯೇ ಇಲ್ಲ, ತಂದೆತಾಯಿ ಇಲ್ಲ, ಕೇಳುವುದು ಗಡಿಯಾರದ ಟಿಕ್ ಟಿಕ್ ಮಾತ್ರ. ಸಭಾಂಗಣದಲ್ಲಿ ಯಾರೂ ಮಿಸುಕಲಿಲ್ಲ.

ಬೊರೀಸ್ ಸಾಯುವುದು ಜೌಗುನೆಲದಲ್ಲಿ, ಗಾಯಗೊಂಡ ಜೊತೆಗಾರನನ್ನು ಹೊತ್ತು ತರುವಾಗ. ಗುಂಡು ತಗುಲಿದವನು ಬರ್ಚ್ ಮರವೊಂದನ್ನು ಹಿಡಿದು ಮೇಲೆ ನೋಡುತ್ತಾನೆ, ಎಲೆಯುದುರಿದ ಮರಗಳು ಗಿರಗಿರನೆ ತಿರುಗತೊಡಗುತ್ತವೆ. ಆ ತಿರುಗಾಟದ ಮೇಲೆಯೇ ಹಿಂದೊಮ್ಮೆ ಅವನು ಓಡಿ ಹತ್ತಿದ್ದ ಸುತ್ತು ಮೆಟ್ಟಿಲು, ನಡೆಯದೇ ಹೋದ ಮದುವೆ, ವಧುವಿನ ವೇಷದ ವೆರೊನಿಕಾ ಹಾಯುತ್ತಾರೆ. ಸಂಗೀತ ನೀಡಿದ ವೈನ್‌ಬರ್ಗ್ 1939ರಲ್ಲಿ ವಾರ್ಸಾದಿಂದ ಓಡಿಬಂದು ಜೀವ ಉಳಿಸಿಕೊಂಡವರು, ಹೆತ್ತವರನ್ನೂ ತಂಗಿಯನ್ನೂ ನಾತ್ಸಿಗಳ ಕೈಯಲ್ಲಿ ಕಳೆದುಕೊಂಡವರು. ಇದು ನನಗೆ ಆಮೇಲೆ ತಿಳಿಯಿತು, ತಿಳಿದ ಮೇಲೆ ಆ ದೃಶ್ಯದ ಸಂಗೀತವನ್ನು ಮೊದಲಿನಂತೆ ಕೇಳಲಾಗಲಿಲ್ಲ.

ಕಥೆ ಸೈಬೀರಿಯಾಕ್ಕೆ ಹೋದ ಮೇಲೆ ಅಡಿಬರಹ ಬಂತು, ಮತ್ತು ಸರಿಯಾದ ಹೊತ್ತಿಗೇ ಬಂತು. ಬೊರೀಸ್‌ನ ಸೋದರಸಂಬಂಧಿ ಮಾರ್ಕ್‌ನನ್ನು ವೆರೊನಿಕಾ ಮದುವೆಯಾಗಿದ್ದಾಳೆ. ಆಸ್ಪತ್ರೆಯಲ್ಲಿ ಒಬ್ಬ ಗಾಯಾಳು, ತನ್ನ ಹುಡುಗಿ ಬೇರೊಬ್ಬನ ಕೈಹಿಡಿದಳೆಂದು ತಿಳಿದು ಬಡಬಡಿಸುತ್ತಾನೆ. ವೈದ್ಯನಾದ ಬೊರೀಸ್‌ನ ತಂದೆ ಅವನನ್ನು ಸಂತೈಸುತ್ತ, ಕಾಯದೆ ಹೋದ ಹೆಣ್ಣುಗಳಿಗೆ ಕ್ಷಮೆಯಿಲ್ಲವೆನ್ನುತ್ತಾನೆ. ಅದನ್ನು ಕೇಳುತ್ತ ನಿಂತ ವೆರೊನಿಕಾ ಅಲ್ಲಿಂದ ರೈಲು ಹಳಿಯ ಕಡೆಗೆ ಓಡುತ್ತಾಳೆ. ಇಲ್ಲಿ ಮಾತು ತಿಳಿಯದಿದ್ದರೆ ಅವಳ ಓಟವೂ ತಿಳಿಯುತ್ತಿರಲಿಲ್ಲ. ಸ್ಟಾಲಿನ್ ತೀರಿಕೊಂಡು ನಾಲ್ಕೇ ವರ್ಷವಾಗಿದ್ದ ದೇಶದಲ್ಲಿ, ವೀರವನಿತೆಯಲ್ಲದ, ಎಡವಿದ ಹೆಣ್ಣೊಬ್ಬಳನ್ನು ಕಥೆಯ ನಡುವೆ ನಿಲ್ಲಿಸಿ ಅವಳ ಪರವಾಗಿಯೇ ಕ್ಯಾಮೆರಾ ಓಡಿದ್ದು ಸಣ್ಣ ಧೈರ್ಯವಲ್ಲ. ವೆರೊನಿಕಾಳ ಪಾತ್ರ ಮಾಡಿದ ತತ್ಯಾನಾ ಸಮೊಯ್ಲೊವಾ ಅವರ ಕಣ್ಣುಗಳಿಲ್ಲದೆ ಅದು ಸಾಧ್ಯವೂ ಆಗುತ್ತಿರಲಿಲ್ಲ. 1958ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಈ ಚಿತ್ರಕ್ಕೆ ಸಂದಿತು.

ಮನೆಗೆ ಬಂದ ವಾರದಲ್ಲೇ ಅಡಿಬರಹವಿದ್ದ ಪ್ರತಿಯನ್ನು ಹುಡುಕಿ ಮೊದಲಿನಿಂದ ನೋಡಿದೆ. ಬೊರೀಸ್ ತಾನಾಗಿಯೇ ಸೈನ್ಯಕ್ಕೆ ಹೆಸರು ಕೊಟ್ಟು, ಅದನ್ನು ವೆರೊನಿಕಾಗೆ ಹೇಳದೆ ಮುಚ್ಚಿಟ್ಟಿದ್ದನೆಂಬುದು ಆಗ ಗೊತ್ತಾಯಿತು. ಬಸ್ಸಿನ ಶಾಟನ್ನು ಮಾತ್ರ ಧ್ವನಿ ಅಡಗಿಸಿ ಮತ್ತೆ ಮತ್ತೆ ನೋಡಿದೆ. ಕೈಯಲ್ಲಿದ್ದ ಕ್ಯಾಮೆರಾ ಮೇಲೆತ್ತುವ ಕ್ರೇನ್ ಯಂತ್ರವನ್ನು ಹತ್ತಿದ ಆ ಕ್ಷಣವನ್ನು ಹಿಡಿಯಬೇಕೆಂದು ಪರದೆಗೆ ಕಣ್ಣು ನೆಟ್ಟು ಕುಳಿತಿರುತ್ತೇನೆ, ಆದರೆ ಪ್ರತಿ ಸಲವೂ ವೆರೊನಿಕಾಳ ಮುಖವನ್ನು ನೋಡುತ್ತಲೇ ಆ ಕ್ಷಣ ದಾಟಿಹೋಗಿರುತ್ತದೆ.